ಇಬ್ಬರಿಗೂ ‘ಆಗಲಿ’ ಅಂದುಬಿಟ್ಟೆ

ನೋಡು, ಸದ್ದು ಮಾಡದೆ ಒಳಗೆ ಬಾ. ಪುಟ್ಟಿ ಹಾಸ್ಟೆಲಿನಿಂದ ಬಂದು ನಡುಮನೆಯಲ್ಲಿ ಮಲಗಿದ್ದಾಳೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಹಾಕಿ ಸ್ಟಿಕ್ ಹಿಡಿದು ಒಬ್ಬಳೇ ನಿಂತಿದ್ದಳು. ಯಾರಿಗೂ ಹೇಳಿ ಬಂದಿಲ್ಲ.

ಬಲ ಮೊಣಕಾಲು ಊದಿದೆ. ನರ್ಸಮ್ಮ ನೀನು, ಎದ್ದ ಮೇಲೆ ನೋಡು. ಹಾಲು ಕಾಯಿಸಿಟ್ಟಿದ್ದೇನೆ, ಕುಡಿಸು.

ಶನಿವಾರ ಒಂಬತ್ತಕ್ಕೆ ಕಿರಿಯರ ತಂಡದ ಆಯ್ಕೆಯಂತೆ. ಅದೇ ಹೊತ್ತಿಗೆ ಶಾಲೆಯಲ್ಲಿ ಗಣಿತದ ಪರೀಕ್ಷೆ. ಆರೂವರೆಗೆ ವಾರ್ಡನ್ ಮೇಡಂ ಅವಳನ್ನು ಹುಡುಕಿ ಫೋನ್ ಮಾಡಿದರು; ಇಲ್ಲೇ ಇದ್ದಾಳೆ ಅಂದ ಮೇಲೆ, ಪರೀಕ್ಷೆ ತಪ್ಪಿಸಿದರೆ ಹಾಸ್ಟೆಲ್ ಖಾಲಿ ಮಾಡಿಸಿ ಅಂದರು. ಅವರು ಇಡುವಷ್ಟರಲ್ಲಿ ಕೋಚ್ ಫೋನ್. ಆಯ್ಕೆಗೆ ಬಾರದಿದ್ದರೆ ಇನ್ನು ಮೈದಾನದ ಕಡೆ ತಲೆ ಹಾಕುವುದು ಬೇಡವಂತೆ. ನಾನು ಇಬ್ಬರಿಗೂ “ಆಗಲಿ, ಕಳಿಸ್ತೀನಿ” ಅಂದುಬಿಟ್ಟೆ. ಬೈಯಬೇಡ, ಬಾಯಿಗೆ ಬೇರೇನೂ ಬರಲಿಲ್ಲ. ಮತ್ತೆ ಫೋನ್ ಬಂದರೆ ದಯವಿಟ್ಟು ನೀನೇ ಮಾತಾಡು.

ಪುಟ್ಟಿ ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡಳು. “ಅಪ್ಪಾ, ಈಗ ಯಾವುದಕ್ಕೆ ಹೋಗ್ಲಿ? ನೀನೇ ಹೇಳಿಬಿಡು” ಅಂದಳು. ಎಷ್ಟೋ ವರ್ಷ ಬಸ್ ಓಡಿಸಿದವನು, ಯಾವ ಕಡೆ ತಿರುಗಬೇಕೋ ನನಗೇ ತಿಳಿಯಲಿಲ್ಲ. “ಡ್ಯೂಟಿ ಮುಗಿಸಿ ಅಮ್ಮ ಬರ್ತಾಳೆ, ಅವಳನ್ನ ಕೇಳೋಣ” ಅಂದೆ.

“ಹೋದ ವಾರವೇ ಫೋನ್ ಮಾಡಿ ಕೇಳಿದ್ದೆ. ಅಪ್ಪನ್ನ ಕೇಳು ಅಂದ್ಲು” ಅಂದಳು.

ನೀನು ನನಗೆ ಹೇಳಲೇ ಇಲ್ಲ. ಯಾಕೆಂದು ಕೇಳುವುದಿಲ್ಲ, ನಿನಗೂ ನನ್ನ ಹಾಗೇ ಆಗಿರಬೇಕು.

ಆಮೇಲೆ ಅವಳು ಅಳಲೂ ಇಲ್ಲ, ಜಗಳವೂ ಆಡಲಿಲ್ಲ. ಬೂಟು ಹಾಕಿಕೊಂಡೇ ಮಲಗಿಬಿಟ್ಟಳು. ನಿದ್ದೆ ಹತ್ತಿದ ಮೇಲೆ ಬಿಚ್ಚಿ ಪಕ್ಕದಲ್ಲಿಟ್ಟಿದ್ದೇನೆ. ನನ್ನಿಂದ ಆಗಿದ್ದು ಅಷ್ಟೇ.