ಈ ಸಲ ಹಗುರವಾದದ್ದು

ಅಣ್ಣಾ,

ಹಕ್ಕಿಗಳ ಚಿತ್ರಕ್ಕೆಂದು ನಿನ್ನ ಅಂಗಡಿಯಿಂದ ಆರಿಸಿಕೊಟ್ಟಿದ್ದ ದೊಡ್ಡ ಕ್ಯಾಮೆರಾ ಹಾಳಾಯಿತು. ಇವರು ಅದರ ಪಟ್ಟಿ ಹಿಡಿದು ಬೀಸಿದರು. ನನ್ನ ಹುಬ್ಬಿಗೆ ಏಳು ಹೊಲಿಗೆ ಬಿತ್ತು, ಲೆನ್ಸ್ ಎರಡು ಹೋಳಾಯಿತು.

ಈ ಸಲ ಹಗುರವಾದದ್ದು ಕೊಡು, ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುವಷ್ಟು ಚಿಕ್ಕದು. ಒತ್ತಿದರೆ ಸದ್ದಾಗಬಾರದು. ಬಚ್ಚಲುಮನೆಯ ಮಂಕು ಬಲ್ಬಿನಲ್ಲೂ ನೀಲಿಗಟ್ಟಿದ್ದು ನೀಲಿಯಾಗಿಯೇ ಕಾಣಬೇಕು, ಆದ್ದರಿಂದ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರಲಿ. ಟೈಮರ್ ಬೇಕೇ ಬೇಕು, ಬೆನ್ನಿನ ಚಿತ್ರ ನಾನೇ ತೆಗೆದುಕೊಳ್ಳಬೇಕು. ಜೂಮ್ ಬೇಡ, ಇವರು ದೂರ ನಿಂತು ಹೊಡೆಯುವವರಲ್ಲ.

ಹೋದ ಸಲ ಅಳುತ್ತಾ ಬಂದಾಗ, "ಸ್ವಲ್ಪ ಹೊಂದ್ಕೊಂಡು ಹೋಗಮ್ಮ, ನೀನು ಒಂದಕ್ಕೆರಡು ಸೇರಿಸಿ ಹೇಳ್ತೀಯ" ಅಂದಿದ್ದೆಯಲ್ಲ. ಪೊಲೀಸರಿಗೆ ಕೊಡುವ ಚಿತ್ರಗಳನ್ನೆಲ್ಲ ನಿನ್ನ ಅಂಗಡಿಯಲ್ಲೇ ಪ್ರಿಂಟ್ ಹಾಕಿಸುತ್ತೇನೆ. ಒಂದೊಂದನ್ನೂ ನೋಡಿ, ನೀನೇ ಎಣಿಸಿ ಕೊಡು.

ನಿನ್ನ ತಂಗಿ