ನೀಲಿ ನುಚ್ಚು

ಕುಂದಾಣ, ೧೯೪೪
ಮಂಗಳವಾರ ಬೆಳಿಗ್ಗೆ

ತಂಗಿ ಗಂಗಲಕ್ಷ್ಮಿಗೆ ಅಕ್ಕನ ಆಶೀರ್ವಾದ.

ಒಲೆಯ ಮೇಲೆ ರೊಟ್ಟಿ ಹೆಂಚಿದ್ದರೆ ಮೊದಲು ಅದನ್ನು ಇಳಿಸಿ, ಆಮೇಲೆ ಈ ಕಾಗದ ಓದು. ಮೊನ್ನೆ ನಾನು ಕಳಿಸಿದ ಜೋಳದ ಹಿಟ್ಟನ್ನು ಮುಟ್ಟಬೇಡ.

ನಿನ್ನೆ ನಮ್ಮ ಕೋಳಿಮರಿಗಳು ಇದ್ದಕ್ಕಿದ್ದಂತೆ ಕತ್ತು ಜೋಲಿಸಿ ಸತ್ತವು. ಕೋಳಿಗೆ ಬರುವ ಕೊಕ್ಕರೆ ರೋಗ ಹರಡೀತೆಂದು ಉಳಿದವನ್ನು ಬೇರೆ ಮಂಕರಿಯಲ್ಲಿ ಮುಚ್ಚಿದೆ. ಅವೂ ಉಳಿಯಲಿಲ್ಲ. ನಿಮ್ಮ ಭಾವ ಒಂದನ್ನು ಕೊಯ್ದು ನೋಡಿದರೆ ಕತ್ತಿನ ಚೀಲದ ತುಂಬ ನೀಲಿ ನುಚ್ಚು. "ಯಾವ ಗಡಿಗೇದು ಬೀಸ್ದೆ? ಬಿತ್ನೇಗೆ ಮೈಲುತುತ್ತದ ವಿಷ ಕಲ್ಸಿಟ್ಟಿದ್ದ ಜೋಳ ಕಣೇ ಅದು!" ಎಂದು ಕೂಗಿದರು.

ಈ ಯುದ್ಧದಲ್ಲಿ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ? ಮೊನ್ನೆ ಬೆಳಗಿನ ಜಾವ ಕತ್ತಲಲ್ಲೇ ಬೀಸಿದೆ, ಬಣ್ಣ ಕಾಣಲಿಲ್ಲ. ನಿನ್ನ ಮಕ್ಕಳಿಗೆ ರೊಟ್ಟಿ ಇಷ್ಟವೆಂದು ಹಿಟ್ಟನ್ನೆಲ್ಲ ಕಟ್ಟಿ ದೊಡ್ಡಬಳ್ಳಾಪುರದ ಮೊದಲ ಬಸ್ಸಿಗೆ ಕೊಟ್ಟೆ. ಬೀಸುವ ಕಲ್ಲಿನ ಸುತ್ತ ಉದುರಿದ ನುಚ್ಚನ್ನು ಗುಡಿಸಿ ಮರಿಗಳಿಗೆ ಚೆಲ್ಲಿದೆ.

ಹೆದರಬೇಡ ಎಂದು ಬರೆಯಲು ನನಗೇ ಧೈರ್ಯವಿಲ್ಲ. ಈ ಕಾಗದ ತಂದ ಅಪ್ಪಯ್ಯಣ್ಣ ನಿನ್ನ ಉತ್ತರವಿಲ್ಲದೆ ಮರಳುವುದಿಲ್ಲ. ಒಂದು ತುಂಡು ರೊಟ್ಟಿ ತಿಂದಿದ್ದರೂ ಮಕ್ಕಳನ್ನು ಈಗಲೇ ಆಸ್ಪತ್ರೆಗೆ ಎತ್ತಿಕೊಂಡು ಹೋಗು. ಚೆನ್ನಾಗಿಯೇ ಆಡುತ್ತಿದ್ದಾರಲ್ಲ ಎಂದು ಸುಮ್ಮನಿರಬೇಡ. ಮರಿಗಳೂ ಆಡುತ್ತಲೇ ಇದ್ದವು.

ಬಾಗಿಲಲ್ಲೇ ಕಾದು ನಿಂತಿರುವ
ನಿನ್ನ ಅಕ್ಕ,
ಮುನಿವೆಂಕಟಮ್ಮ