ಮೊದಲ ಇಪ್ಪತ್ತು ನಿಮಿಷ

ಟಿಕೆಟ್ ಕೌಂಟರಿನಿಂದ,
ಡಿಸೆಂಬರ್ ೧೭, ಬುಧವಾರ, ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಪೀಪಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀ? ಕೆಮ್ಮು ಪೂರ್ತಿ ಹೋಯಿತೇ? ನಿನ್ನ ಅತ್ತೆ ಬಿಸಿನೀರಿಗೆ ಜೇನುತುಪ್ಪ ಹಾಕಿ ಕೊಟ್ಟರು, ಒಂದೇ ದಿನಕ್ಕೆ ಗಂಟಲು ಸರಿಹೋಯಿತು ಅಂತ ನೀನು ಬರೆದಿದ್ದೆ. ಇಪ್ಪತ್ತಾರು ವರ್ಷ ನಾನೂ ಅದನ್ನೇ ಕೊಟ್ಟಿದ್ದೆ. ಆಗ ನೀನು ಮುಖ ಸಿಂಡರಿಸಿ, ನಾನು ಆ ಕಡೆ ತಿರುಗಿದ ತಕ್ಷಣ ಸಿಂಕಿಗೆ ಸುರಿಯುತ್ತಿದ್ದೆ. ಇರಲಿ, ಗಂಟಲು ಸರಿಹೋಯಿತಲ್ಲ, ಅದು ಮುಖ್ಯ. ಅಪ್ಪ ಚೆನ್ನಾಗಿದ್ದಾರೆ, ಮೊಣಕಾಲು ನೋವು ಮಾತ್ರ ಬಿಟ್ಟಿಲ್ಲ. ಲಿಫ್ಟ್ ರಿಪೇರಿ ಮಾಡುವವರಿಗೆ ಯಾವ ಕಟ್ಟಡದಲ್ಲೂ ಲಿಫ್ಟ್ ನಡೆಯುತ್ತಿರುವುದಿಲ್ಲ, ಹೋದಲ್ಲೆಲ್ಲ ಮೆಟ್ಟಿಲೇ ಗತಿ. ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀ, ನಿನ್ನ ಅತ್ತೆ ಪಕ್ಕದಲ್ಲೇ ಕೂತು ಹೂಂ ಹೂಂ ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ವರ್ಷ ಮುಗಿಯಲು ಎರಡು ವಾರ ಉಳಿದಿದೆ, ಈ ವರ್ಷದ ಅತ್ಯುತ್ತಮ ಸಿನಿಮಾ ಯಾವುದೆಂದು ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಿನ್ನ ತಲೆಯಲ್ಲಿ ಈಗ ಬೇರೆಯವರ ಮಾತೇ ತುಂಬಿರುವುದರಿಂದ ನಮ್ಮ ಪದ್ಧತಿ ಏನೆಂದು ನಾನೇ ನೆನಪಿಸಬೇಕಾಗಿದೆ. ನೀನು ಆರು ವರ್ಷದವಳಿದ್ದಾಗಿನಿಂದ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಗೆರೆ ಎಳೆದು, ನೋಡಿದ ಪ್ರತಿಯೊಂದು ಸಿನಿಮಾಕ್ಕೂ ಹತ್ತಕ್ಕೆ ಇಷ್ಟು ಅಂತ ನಿನ್ನದೊಂದು ಅಂಕ, ನನ್ನದೊಂದು ಅಂಕ ಬರೆಯುತ್ತಾ ಬಂದೆವು. ಡಿಸೆಂಬರ್ ಮೂವತ್ತೊಂದಕ್ಕೆ ಇಬ್ಬರೂ ಒಪ್ಪಿದ ಒಂದು ಸಿನಿಮಾದ ಕೆಳಗೆ ಇಬ್ಬರೂ ಸಹಿ ಹಾಕಬೇಕು, ಅಲ್ಲಿಯ ತನಕ ಊಟವಿಲ್ಲ. ನಿನಗೆ ಹದಿನಾಲ್ಕಾದ ವರ್ಷ ನೀನು ಸಂಜೆಯೆಲ್ಲ ಹಟ ಹಿಡಿದು ಕೂತಾಗ ಅಪ್ಪ ತಟ್ಟೆ ಹಿಡಿದುಕೊಂಡೇ ಬಂದು, "ಯಾವುದಾದ್ರೂ ಒಂದಕ್ಕೆ ಹಾಕ್ರಮ್ಮ ಸಹಿ, ನಾನೇನು ತಪ್ಪು ಮಾಡಿದೀನಿ" ಅಂದದ್ದು ನೆನಪಿದೆ ತಾನೇ? ಅವರ ಮತ ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ. ಯಾವ ಸಿನಿಮಾದಲ್ಲಿ ನಿದ್ದೆ ಚೆನ್ನಾಗಿ ಬಂತೋ ಅದೇ ಅವರಿಗೆ ಅತ್ಯುತ್ತಮ.

ನನ್ನ ಆಯ್ಕೆ ಬೇಕರಿ ಸಿನಿಮಾ. ಅದಕ್ಕೇನೋ ಉದ್ದದ ಹೆಸರಿದೆ, ಆದರೆ ಕಿಟಕಿಗೆ ಬರುವವರೆಲ್ಲ "ಬೇಕರಿದು ಎರಡು ಕೊಡಿ" ಅನ್ನುವುದರಿಂದ ನನ್ನ ಬಾಯಿಗೂ ಅದೇ ಬರುತ್ತದೆ. ಅಣ್ಣತಮ್ಮ ಜಗಳವಾಡಿ ಬೇಕರಿಯ ನಡುವೆ ಗೋಡೆ ಎಬ್ಬಿಸುತ್ತಾರೆ, ಒಲೆ ಮಾತ್ರ ಒಂದೇ, ಹಾಗಾಗಿ ಗೋಡೆಗೆ ತೂತು ಕೊರೆದು ತಟ್ಟೆ ದಾಟಿಸಬೇಕಾಗುತ್ತದೆ. ನೀನು ಪಕ್ಕದಲ್ಲಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಿನ್ನ ಆಯ್ಕೆ ರೈಲಿನ ಸಿನಿಮಾ. ನಿನ್ನದು ಅನ್ನಬಾರದು, ನಿನ್ನ ಅತ್ತೆಯದು. "ಅತ್ತೆ ಹತ್ತಕ್ಕೆ ಹತ್ತು ಕೊಟ್ಟರು, ನಾನೂ ಹತ್ತು ಕೊಟ್ಟೆ" ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟಿದ್ದೀ. ಇಪ್ಪತ್ತು ವರ್ಷದಲ್ಲಿ ನಾವು ಯಾವ ಸಿನಿಮಾಕ್ಕೂ ಹತ್ತು ಕೊಟ್ಟವರಲ್ಲ. "ಹತ್ತು ಹಾಗೇ ಇಟ್ಕೊಂಡಿರೋಣಮ್ಮ, ಮುಂದೆ ಬೇಕಾಗುತ್ತೆ" ಅಂದವಳು ನೀನೇ, ಎಂಟು ವರ್ಷದವಳಿದ್ದಾಗ. ನಾನು ನಂಬಿಕೊಂಡು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ನೀನು ಹೋಗಿ ಅವರ ಪಕ್ಕ ಕೂತು ಅದನ್ನು ಕೊಟ್ಟುಬಂದೆ.

ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ. ನಿನ್ನ ಹಿಂದಿನ ಪತ್ರದಲ್ಲಿ ಅತ್ತೆ ಅನ್ನುವ ಪದ ಹನ್ನೊಂದು ಸಲ ಬಂದಿದೆ. ಅಮ್ಮ ಅನ್ನುವುದು ಎರಡು ಸಲ, ಅದರಲ್ಲಿ ಒಂದು ಶುರುವಿನಲ್ಲಿ, ಅದನ್ನು ಬರೆಯದೆ ವಿಧಿಯಿಲ್ಲ. ಅತ್ತೆ ಚಳಿಯಾಗುತ್ತದೆಂದು ಶಾಲು ತಂದಿದ್ದರು, ಅತ್ತೆ ಕಾಲು ಚಾಚಲು ಜಾಗವಿರುವ ಸೀಟೇ ಆರಿಸುತ್ತಾರೆ, ಅತ್ತೆ ವಾಪಸು ಬರುವಾಗ ದಾರಿಯುದ್ದಕ್ಕೂ ಕಥೆಯ ಎಳೆ ಎಳೆ ಬಿಡಿಸುತ್ತಾರೆ. ಬಿಡಿಸುತ್ತಾರಪ್ಪಾ, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವರು, ಅವರಿಗೆ ಬಿಡಿಸಲು ಏನಾದರೂ ಬೇಕು. ನೀನು ಮದುವೆಯಾಗಿ ಹೋಗಿ ಹತ್ತು ತಿಂಗಳಾಯಿತು. ಹತ್ತು ತಿಂಗಳಿಂದ ನಾನು ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತು ನೋಡುತ್ತೇನೆ, ನಗು ಬಂದರೆ ಅತ್ತ ಇತ್ತ ನೋಡಿ ಸುಮ್ಮನಾಗುತ್ತೇನೆ.

ಕೋಪದಲ್ಲಿ ನಾನು ಮಾಡಿದ ಕೆಲಸವನ್ನೂ ಕೇಳು. ನಮ್ಮಲ್ಲಿ ಎರಡೂ ಸಿನಿಮಾ ನಡೆಯುತ್ತಿವೆ, ಒಂದು ಕೆಳಗಿನ ಪರದೆಯಲ್ಲಿ, ಇನ್ನೊಂದು ಮೇಲಿನದರಲ್ಲಿ. ಕಿಟಕಿಗೆ ಬಂದವರು "ಮೇಡಂ, ಯಾವುದು ಚೆನ್ನಾಗಿದೆ" ಅಂತ ಕೇಳಿದರೆ ಅವರು ಬಾಯಿ ಮುಚ್ಚುವ ಮೊದಲೇ ಬೇಕರಿ ಅನ್ನುತ್ತಿದ್ದೆ. ರೈಲಿಂದೇ ಬೇಕು ಅಂದವರಿಗೆ, "ತಲೆನೋವಿನ ಮಾತ್ರೆ ಇಟ್ಕೊಂಡಿದೀರಾ" ಅಂತ ಕೇಳುತ್ತಿದ್ದೆ. ಒಳಗೆ ಸೀಟು ತೋರಿಸುವ ನಮ್ಮ ಟಾರ್ಚಣ್ಣ ಇದನ್ನು ಕೇಳಿಸಿಕೊಂಡು, "ಏನಮ್ಮಾ, ಆ ಸಿನಿಮಾದವರು ನಿಮಗೇನು ಮಾಡಿದ್ರು" ಅಂದ. ನನಗೇನು ಮಾಡಿದರು ಅಂತ ಅವನಿಗೆ ಹೇಗೆ ಹೇಳಲಿ.

ನಾನು ಹೋದ ತಿಂಗಳು ನಿನಗೆ ಬರೆದ ಖಾರದ ಪತ್ರ ನೀನು ಇನ್ನೂ ಮರೆತಿರಲಾರೆ. ತಾಯಿ ವರ್ಷಗಟ್ಟಲೆ ಸ್ಟೇಷನ್ನಿನಲ್ಲಿ ಬಂದು ನಿಲ್ಲುತ್ತಾಳೆ, ಮಗಳು ಅದೇ ಸ್ಟೇಷನ್ನಿನ ಮೇಲೆ ಹಾದುಹೋಗುವಾಗ ರೈಲಿನ ಕಿಟಕಿ ಮುಚ್ಚಿಕೊಳ್ಳುತ್ತಾಳೆ, ಒಂದು ಸಲವೂ ಇಳಿಯುವುದಿಲ್ಲ, ಇಂಥ ಕಲ್ಲುಮನಸ್ಸಿನ ಹುಡುಗಿಯ ಕಥೆಗೆ ಹತ್ತು ಅಂಕವೇ ಅಂತ ಕೇಳಿದ್ದೆ. ಗಂಡುಮಗನನ್ನು ಮಾತ್ರ ಹೆತ್ತವರಿಗೆ ಇದು ಅರ್ಥವಾಗದಿದ್ದರೆ ಹೋಗಲಿ, ನಿನಗಾದರೂ ಅರ್ಥವಾಗಬೇಕಿತ್ತು ಅಂತಲೂ ಬರೆದಿದ್ದೆ. ನಿನ್ನಿಂದ ಉತ್ತರ ಬರಲಿಲ್ಲ. ನಿನ್ನ ಅತ್ತೆಯಿಂದ ಕಾರ್ಡು ಬಂತು. ದುಂಡಗಿನ ಅಕ್ಷರ, ಸಾಲು ಒಂದಿಷ್ಟೂ ಸೊಟ್ಟವಿಲ್ಲ. "ಬೀಗಿತ್ತಿಯವರಿಗೆ ನಮಸ್ಕಾರ. ಆ ಹುಡುಗಿಯನ್ನು ಬೈಯುವ ಮೊದಲು ಚಿತ್ರದ ಮೊದಲ ಇಪ್ಪತ್ತು ನಿಮಿಷ ದಯವಿಟ್ಟು ನೋಡಿ. ತಪ್ಪು ತಿಳಿಯಬೇಡಿ." ಅಷ್ಟೇ.

ಮೈಯೆಲ್ಲ ಉರಿದುಹೋಯಿತು. ಸಿನಿಮಾದ ಮಾತಿಗಲ್ಲ, ನಮ್ಮಿಬ್ಬರ ವಿಷಯವನ್ನು ನೀನು ಅವರ ಮುಂದೆ ಬಿಚ್ಚಿಟ್ಟೆಯಲ್ಲ, ಅದಕ್ಕೆ. ಆಟ ಶುರುವಾಗಿ ಇಪ್ಪತ್ತು ನಿಮಿಷದ ತನಕ ಕೌಂಟರ್ ತೆರೆದಿರಬೇಕು ಅನ್ನುವುದು ಇಲ್ಲಿನ ನಿಯಮ. ಚಿಕ್ಕವಳಿದ್ದಾಗ ನೀನು ನನ್ನ ಕಾಲ ಬಳಿ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ, ಆಮೇಲೆ ನಾನು ಕಿಟಕಿ ಎಳೆದು ಬೀಗ ಹಾಕಿದರೆ ಟಾರ್ಚಣ್ಣ ನಮ್ಮನ್ನು ಕತ್ತಲಲ್ಲಿ ಕರೆದುಕೊಂಡು ಹೋಗಿ ಕೂರಿಸುತ್ತಿದ್ದ. ಒಂದು ಸಿನಿಮಾದ ಶುರುವನ್ನೂ ನಾವು ನೋಡಿದವರಲ್ಲ. ಅದೊಂದು ಕೊರತೆ ಅಂತ ನನಗೆ ಅನ್ನಿಸಿದ್ದೇ ಇಲ್ಲ, ಯಾಕೆಂದರೆ ಶುರುವಿನಲ್ಲಿ ಏನಾಗಿರಬಹುದು ಅಂತ ನೀನು ನನ್ನ ಕಿವಿಯಲ್ಲಿ ಹೇಳುತ್ತಿದ್ದೆ. "ಅಮ್ಮಾ, ಇವನು ಮೊದಲು ಸರ್ಕಸ್‌ನಲ್ಲಿದ್ದ, ಸಿಂಹ ಸತ್ತುಹೋಯ್ತು, ಅದಕ್ಕೇ ಗಡ್ಡ ಬಿಟ್ಟಿದಾನೆ." ನೋಡಿದರೆ ಅವನು ವಕೀಲ. ಟ್ರಂಕಿನಲ್ಲಿ ಜೋಪಾನ ಮಾಡಿರುವ ಅಷ್ಟೂ ಕ್ಯಾಲೆಂಡರ್ ಹಾಳೆಗಳಲ್ಲಿ ನಾವು ಅಂಕ ಕೊಟ್ಟಿರುವುದು ನೀನು ಕಟ್ಟಿದ ಶುರುವಿಗೂ ಸೇರಿಸಿಯೇ. ಈಗ ನೀನು ಅವರ ಜೊತೆ ದೀಪ ಆರುವ ಮೊದಲೇ ಹೋಗಿ ಕೂರುತ್ತೀ, ಎಲ್ಲವನ್ನೂ ಮೊದಲಿನಿಂದ ನೋಡುತ್ತೀ. ನನಗೆ ಕೊಡಲಾಗದ್ದನ್ನು ಅವರು ಕೊಟ್ಟರು ಅಂತ ಗೊತ್ತಾದಾಗ ಇನ್ನೇನಾಗಬೇಕು ಹೇಳು.

ಕಾರ್ಡನ್ನು ಹರಿದು ಹಾಕೋಣ ಅಂದುಕೊಂಡೆ, ಆಗಲಿಲ್ಲ. ಅವರು ಹೇಳಿದ್ದು ತಪ್ಪು ಅಂತ ತೋರಿಸಲೇಬೇಕು ಅಂತ ಛಲ ಹುಟ್ಟಿತು. ಮೊನ್ನೆ ಸೋಮವಾರ ಅರ್ಧ ದಿನ ರಜೆ ಹಾಕಿದೆ. ನಮ್ಮಲ್ಲೇ ನೋಡಿದರೆ ಟಾರ್ಚಣ್ಣನ ಹಲ್ಲು ಮೂವತ್ತೆರಡೂ ಕಾಣುತ್ತವೆ, ಅದಕ್ಕೇ ಎರಡು ಬಸ್ಸು ಬದಲಾಯಿಸಿ ಊರಿನ ಆ ತುದಿಯ ಚಿತ್ರಮಂದಿರಕ್ಕೆ ಹೋದೆ. ಅಪ್ಪನಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದಿದ್ದೆ. ಅಲ್ಲಿನ ಕೌಂಟರಿನ ಹುಡುಗಿ ತಲೆಯೆತ್ತಿಯೂ ನೋಡದೆ ಟಿಕೆಟ್ ತಳ್ಳಿದಳು, ನಾನಾಗಿದ್ದರೆ ಹಾಗೆ ತಳ್ಳುತ್ತಿರಲಿಲ್ಲ. ಒಳಗೆ ದೀಪಗಳು ಉರಿಯುತ್ತಿದ್ದವು. ಇಷ್ಟು ವರ್ಷದ ನೌಕರಿಯಲ್ಲಿ ದೀಪ ಉರಿಯುವಾಗ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಜನ ಬರುವುದು, ಮಕ್ಕಳು ಸೀಟು ಮಡಚಿ ಬಿಡಿಸಿ ಆಡುವುದು, ಎಲ್ಲ ನೋಡುತ್ತಾ ಕೂತೆ. ಆಮೇಲೆ ಕತ್ತಲಾಯಿತು.

ಆ ಶುರು ನಿನಗೆ ಗೊತ್ತಿದೆ, ಆದರೂ ನನ್ನ ಬಾಯಿಂದ ಕೇಳು. ಹುಡುಗಿಗೆ ಆಗ ಹತ್ತು ವರ್ಷ. ಅವಳ ದೊಡ್ಡಪ್ಪ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದಾನೆ. ತಾಯಿಯೇ ಅವಳನ್ನು ಕದ್ದು ಸ್ಟೇಷನ್ನಿಗೆ ಕರೆತಂದು, ದೂರದ ಹಾಸ್ಟೆಲ್ಲಿಗೆ ಹೋಗುವ ರೈಲು ಹತ್ತಿಸಿ, ತನ್ನ ಕೈಯಾರೆ ಕಿಟಕಿ ಎಳೆದು ಹೇಳುತ್ತಾಳೆ, ಈ ಸ್ಟೇಷನ್ ಬಂದಾಗೆಲ್ಲ ಕಿಟಕಿ ಮುಚ್ಚು, ನಾನು ನಿಂತಿದ್ರೂ ಇಳೀಬೇಡ, ಇಳಿದ್ರೆ ನನ್ನಾಣೆ. ಅಂದರೆ ಅಷ್ಟು ವರ್ಷ ಆ ತಾಯಿ ಮಗಳು ಇಳಿಯಲಿ ಅಂತ ಕಾಯುತ್ತಿರಲಿಲ್ಲ. ಕಿಟಕಿ ಮುಚ್ಚಿದೆಯಾ ಅಂತ ನೋಡಿಕೊಂಡು ಹೋಗಲು ಬರುತ್ತಿದ್ದಳು. ನಾನು ಕಲ್ಲುಮನಸ್ಸು ಅಂದದ್ದು ತಾಯಿಯ ಮಾತನ್ನು ಉಳಿಸಿದ ಮಗಳನ್ನು.

ಕರವಸ್ತ್ರ ಒದ್ದೆಯಾಯಿತು. ಸಿನಿಮಾದ ತಾಯಿಗಾಗಿ ಅತ್ತದ್ದು ಸ್ವಲ್ಪ, ಉಳಿದದ್ದು ಬೇರೆಯದಕ್ಕೆ. ನೀನು ಹೊರಡುವ ದಿನ ಕಾರಿನ ಬಾಗಿಲು ಹಿಡಿದುಕೊಂಡು ನಾನೇ ನಿನ್ನ ಕಿವಿಯಲ್ಲಿ ಹೇಳಿದ್ದೆ, "ಹೊಂದ್ಕೊಂಡು ಹೋಗು, ಅತ್ತೇನೂ ಅಮ್ಮ ಅಂತಾನೇ ತಿಳ್ಕೋ." ಎಲ್ಲ ತಾಯಂದಿರೂ ಹೇಳುವ ಮಾತು, ನಾನೂ ಹೇಳಿದೆ. ನೀನು ಅದನ್ನು ಚಾಚೂ ತಪ್ಪದೆ ಮಾಡುತ್ತೀ ಅಂತ ಯಾರಿಗೆ ಗೊತ್ತಿತ್ತು. ನೀನು ಮಾಡಿದ್ದಕ್ಕೆ ನನಗೆ ಸಂತೋಷವಾಗಬೇಕು. ಆಗುತ್ತದೆ ಕೂಡ, ದಿನಕ್ಕೆ ಒಂದರ್ಧ ಗಂಟೆ. ಮನೆಗೆ ಬಂದಾಗ ಕಣ್ಣು ಊದಿತ್ತು. ಅಪ್ಪ ನೋಡಿ, "ಯಾವ ಹಲ್ಲು ಕಿತ್ರು" ಅಂತ ಕೇಳಿದರು, ಕೊನೇದು ಅಂದೆ.

ಇಲ್ಲಿಯ ತನಕ ಬರೆದಿದ್ದೆ, ಅಷ್ಟರಲ್ಲಿ ಯಾರೋ ಗಂಡಹೆಂಡತಿ ಬಂದು ಸಂಜೆ ಆಟಕ್ಕೆ ಯಾವುದು ಒಳ್ಳೆಯದು ಅಂತ ಕೇಳಿದರು. ರೈಲಿಂದು ನೋಡಿ, ಆದರೆ ತಡ ಮಾಡಬೇಡಿ, ಶುರುವಿಗೇ ಇರಿ ಅಂದೆ. ಎರಡು ಟಿಕೆಟ್ ಹರಿದು ಕೈಗಿಟ್ಟೆ. ಇದರ ಜೊತೆ ಡಿಸೆಂಬರಿನ ಹಾಳೆ ಇಟ್ಟಿದ್ದೇನೆ. ರೈಲಿನ ಸಿನಿಮಾದ ಕೆಳಗೆ ನನ್ನ ಸಹಿ ಇದೆ, ನೀನೂ ಹಾಕು. ನನ್ನ ಅಂಕ ಒಂಬತ್ತೂವರೆ. ಆ ಅರ್ಧ ಯಾಕೆ ಕಡಿಮೆಯಾಯಿತು ಅಂತ ಕೇಳಬೇಡ, ಸಿನಿಮಾದಲ್ಲಿ ಯಾವ ದೋಷವೂ ಇಲ್ಲ. ನಿನ್ನನ್ನು ಬಿಟ್ಟು ಬೇರೆ ಯಾರೂ ನನಗೆ ಆ ಶುರುವನ್ನು ತೋರಿಸಬಾರದಿತ್ತು, ನನ್ನನ್ನು ಬಿಟ್ಟು ಬೇರೆ ಯಾರೂ ನಿನಗೂ.

ಅಳಿಯಂದಿರಿಗೆ ಆಶೀರ್ವಾದ. ಬೆಳಿಗ್ಗೆ ತಿಂಡಿ ತಿನ್ನದೆ ಆಫೀಸಿಗೆ ಓಡಬೇಡ. ನಿನ್ನ ಅತ್ತೆಗೆ ನಮಸ್ಕಾರ ತಿಳಿಸು. ಈ ಸಲ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಹೆಚ್ಚುಕಡಿಮೆ.

ಇಂತಿ ನಿನ್ನನ್ನು ಹೆತ್ತವಳು,
ಅಮ್ಮ

ತಾ.ಕ.: ಇಂಟರ್ವಲ್ಲಿನ ಗಂಟೆ ಹೊಡೆಯಿತು, ಬೇಗ ಮುಗಿಸುತ್ತೇನೆ. ಜನವರಿ ಒಂದರಿಂದ ಈ ಕೌಂಟರ್ ಇರುವುದಿಲ್ಲ, ಟಿಕೆಟ್ಟೆಲ್ಲ ಇನ್ನು ಫೋನಿನಲ್ಲೇ ಅಂತೆ. ಮೂರು ತಿಂಗಳ ಹಿಂದೆಯೇ ಹೇಳಿದ್ದರು. ನಿನ್ನ ಅತ್ತೆ ಬನ್ನಿ ಬನ್ನಿ ಅಂದಾಗಲೆಲ್ಲ ಕೌಂಟರ್ ಬಿಟ್ಟು ಹೇಗೆ ಬರಲಿ ಅಂತ ಜಂಬ ಕೊಚ್ಚಿಕೊಂಡವಳು ನಾನು, ಈಗ ಯಾವ ಮುಖ ಇಟ್ಟುಕೊಂಡು ಬರಲಿ ಅಂತ ನಿನಗೂ ಹೇಳಲಿಲ್ಲ. ಆದರೆ ನಿನ್ನ ಪಕ್ಕ ಕೂತು ಒಂದೇ ಒಂದು ಸಿನಿಮಾ ನೋಡಬೇಕು ಅಂತ ಜೀವ ಎಳೆಯುತ್ತಿದೆ. ಈ ಪತ್ರ ಹರಿಯಬೇಡ, ಬಚ್ಚಿಡಲೂ ಬೇಡ, ಅವರ ಕೈಗೆ ಕೊಡು. ಅವರ ಮೇಲೆ ನಾನು ಬರೆದದ್ದನ್ನೆಲ್ಲ ಮೊದಲಿನಿಂದ ಓದಲಿ. ಓದಿದ ಮೇಲೂ ಬನ್ನಿ ಅಂದರೆ, ಬರುತ್ತೇನೆ.